ಒಣಗದ ಊರಿಗೆ ಬ್ಯಾಗು ಕಟ್ಟುವುದು ಹೇಗೆ?

ಬೆಂಗಳೂರಿನವರಿಗೆ ಮಳೆ ಅಂದರೆ ನಿಂತು ಕಾಯುವ ಸಂಗತಿ. ಮಧ್ಯಾಹ್ನವೆಲ್ಲ ಕಾದ ನೆಲ, ಸಂಜೆ ಹೊತ್ತಿಗೆ ಕಪ್ಪಗೆ ಕಟ್ಟುವ ಮೋಡ, ನಾಲ್ಕು ಗುಡುಗು, ಅರ್ಧ ಮುಕ್ಕಾಲು ಗಂಟೆ ಸುರಿತ. ಅಷ್ಟು ಹೊತ್ತು ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸಿದರೆ, ಇಲ್ಲವೇ ದರ್ಶಿನಿಯಲ್ಲಿ ಇನ್ನೊಂದು ಬೈಟು ಕಾಫಿ ಹೇಳಿದರೆ ಮುಗಿಯಿತು. ರಸ್ತೆಯಲ್ಲಿ ನೀರು ನಿಂತಿರಬಹುದು, ಮರ ಬಿದ್ದಿರಬಹುದು; ಆದರೆ ಮೈಮೇಲಿನ ಅಂಗಿ ರಾತ್ರಿ ಊಟದ ಹೊತ್ತಿಗೆ ಒಣಗಿರುತ್ತದೆ.

ಇದೇ ಅಭ್ಯಾಸ ಬ್ಯಾಗಿನೊಳಗೂ ಕೂತಿರುತ್ತದೆ. ಜುಲೈ ತಿಂಗಳ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ತೀರ್ಥಹಳ್ಳಿ, ಶೃಂಗೇರಿ ಬಸ್ಸುಗಳ ಹತ್ತಿರ ನಿಂತು ನೋಡಿ. ಎರಡು ಜೀನ್ಸ್, ದಪ್ಪನೆಯ ಹೂಡಿ, ಕೈಯಲ್ಲಿ ಮೂರು ಮಡಿಕೆಯ ಪುಟ್ಟ ಕೊಡೆ, ಕಾಲಲ್ಲಿ ಬಿಳಿ ಸ್ಪೋರ್ಟ್ಸ್ ಶೂ. ಶನಿವಾರ ಮಧ್ಯಾಹ್ನಕ್ಕೆ ಇವೆಲ್ಲ ಒದ್ದೆ. ಅದರಲ್ಲೇನೂ ವಿಶೇಷವಿಲ್ಲ, ಮಲೆನಾಡಿಗೆ ಹೋಗಿ ನೆನೆಯದೇ ಬರುತ್ತೇನೆ ಅನ್ನುವುದು ಹುಂಬತನ. ಆದರೆ ಭಾನುವಾರ ಬೆಳಿಗ್ಗೆಗೂ ಅವು ಹಾಗೇ ಒದ್ದೆಯಾಗಿ, ಮುಗ್ಗಲು ವಾಸನೆ ಹೊಡೆಯುತ್ತ ಹಗ್ಗದ ಮೇಲೆ ಜೋತುಬಿದ್ದಿರುತ್ತವಲ್ಲ, ತಯಾರಿ ಬೇಕಿರುವುದು ಅದಕ್ಕೆ. ಮಳೆನಾಡಿಗೆ ಕಟ್ಟುವ ಬ್ಯಾಗಿನ ಲೆಕ್ಕ ನೆನೆಯುವುದರದ್ದಲ್ಲ, ಒಣಗುವುದರದ್ದು.

ಎರಡು ಮಳೆಗಳ ಹುಟ್ಟೇ ಬೇರೆ. ಜೂನ್ ಮೊದಲ ವಾರದಿಂದ ಅರಬ್ಬಿ ಸಮುದ್ರದ ಮೇಲಿಂದ ಬರುವ ತೇವದ ಗಾಳಿಗೆ ಸಹ್ಯಾದ್ರಿ ಅಡ್ಡಗೋಡೆ. ಗಾಳಿ ಬೆಟ್ಟ ಹತ್ತಲೇಬೇಕು, ಹತ್ತಿದಂತೆ ತಣಿಯುತ್ತದೆ, ತಣಿದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳಲಾರದು, ಸುರಿಸಿಬಿಡುತ್ತದೆ. ಇದಕ್ಕೆ ಮಧ್ಯಾಹ್ನದ ಬಿಸಿಲೂ ಬೇಕಿಲ್ಲ, ಸಂಜೆಯ ಗುಡುಗೂ ಬೇಕಿಲ್ಲ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿರುವಷ್ಟು ಹೊತ್ತೂ ಮಳೆ. ಹಾಗಾಗಿ ಅಲ್ಲಿ ‘ನಿಲ್ಲಲಿ, ಆಮೇಲೆ ಹೊರಡೋಣ’ ಅನ್ನುವ ಮಾತಿಗೆ ಅರ್ಥವಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಹೆಸರು ಹಿಡಿದು ಮಳೆಯನ್ನು ಎಣಿಸುವ ಜನ ಗಂಟೆ ನೋಡಿ ಕಾಯುವುದಿಲ್ಲ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಷ್ಟರಲ್ಲಿ ಗಾಳಿಯ ಜೇಬು ಬಹುಪಾಲು ಖಾಲಿ. ನಾವಿರುವುದು ಆ ಮಳೆ ನೆರಳಿನಲ್ಲಿ. ಜೂನ್, ಜುಲೈಯಲ್ಲಿ ಬೆಂಗಳೂರಿಗೆ ಬರುವ ಜಿಟಿಜಿಟಿ ಬಹಳಷ್ಟು ಅಳಿದುಳಿದದ್ದು. ನಮ್ಮ ದೊಡ್ಡ ಮಳೆಗಳು ಹೆಚ್ಚಾಗಿ ಮೇ ತಿಂಗಳಲ್ಲಿ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ.

ಅಂಕಿಗಳನ್ನು ಬಕೆಟ್ಟಿನಲ್ಲಿ ಅಳೆದರೆ ವ್ಯತ್ಯಾಸ ಸುಲಭವಾಗಿ ತಲೆಗೆ ಹತ್ತುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಒಂದು ಮೀಟರ್ ಅಗಲದ ಕೊಡೆ ಬಿಚ್ಚಿಟ್ಟಿದ್ದೀರಿ ಅಂದುಕೊಳ್ಳಿ. ದಿನಕ್ಕೆ 100 ಮಿ.ಮೀ. ಮಳೆಯಾದರೆ ಆ ಕೊಡೆಯ ಮೇಲೆ ಬೀಳುವುದು ಸುಮಾರು 78 ಲೀಟರ್, ಅಂದರೆ ಸ್ನಾನದ ಬಕೆಟ್ಟಿನಲ್ಲಿ ಐದು ಬಕೆಟ್ ತುಂಬಾ. ಬೆಂಗಳೂರಿಗೆ ವರ್ಷಪೂರ್ತಿ ಸೇರಿ 1,000 ಮಿ.ಮೀ. ಆಸುಪಾಸು ಮಳೆ. ಆಗುಂಬೆಯ ಸರಾಸರಿ 7,000 ಮಿ.ಮೀ.ಗೂ ಮೇಲೆ, ನಮ್ಮ ಇಡೀ ವರ್ಷದ ಎರಡರಷ್ಟು ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವುದೇನೂ ಅಪರೂಪವಲ್ಲ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಮುಗಿಸಿಬಿಡೋಣ. ಆಗುಂಬೆ ಎಂದರೆ ಎತ್ತರದ ತಂಪು ಜಾಗ, ಸ್ವೆಟರ್ ಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಮುದ್ರಮಟ್ಟದಿಂದ ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಬೆಂಗಳೂರು ಸುಮಾರು 920 ಮೀಟರ್! ಅಂದರೆ ನಾವು ಹೋಗುತ್ತಿರುವುದು ಕೆಳಕ್ಕೆ. ಥರ್ಮಾಮೀಟರ್ ನೋಡಿದರೆ ಅಲ್ಲಿನ ಮಳೆಗಾಲದ ರಾತ್ರಿಗೂ ಇಲ್ಲಿನದಕ್ಕೂ ಅಂಥ ಅಂತರವಿಲ್ಲ. ಆದರೂ ಹಲ್ಲು ಕಟಕಟ ಅನ್ನುತ್ತದೆ, ಯಾಕೆ? ಮೈಗೆ ಅಂಟಿದ ಒದ್ದೆ ಬಟ್ಟೆ. ನೀರು ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸರಾಗವಾಗಿ ದಾಟಿಸುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇದ್ದಷ್ಟು ಹೊತ್ತು ಅದು ಹೊದಿಕೆ. ಅಲ್ಲಿ ನೀರು ತುಂಬಿತೋ, ಮೈಶಾಖವನ್ನು ಹೊರಗೆ ಹರಿಸುವ ಕಾಲುವೆ. ಅದರ ಮೇಲೆ ಗಾಳಿ ಬೀಸಿದರೆ ಕೇಳುವುದೇ ಬೇಡ. ಹೀಗಾಗಿ ಅಲ್ಲಿಗೆ ದಪ್ಪ ಸ್ವೆಟರ್‌ಗಿಂತ ಒಣಗಿದ ತೆಳು ಬನಿಯನ್ನೇ ಬೆಚ್ಚಗೆ.

ಒಣಗುವುದೆಂದರೆ ಬಟ್ಟೆಯಲ್ಲಿನ ನೀರು ಗಾಳಿಗೆ ಸೇರುವುದು. ಗಾಳಿಯಲ್ಲಿ ಜಾಗ ಇದ್ದರೆ ತಾನೇ ಸೇರುವುದು? ವಾರಗಟ್ಟಲೆ ಹನಿ ಕಡಿಯದೆ ಸುರಿಯುವ ಊರಿನಲ್ಲಿ ಗಾಳಿಯೇ ತೇವದಿಂದ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಬೆಂಗಳೂರಿನಲ್ಲಿ ಮೋಡ ಕವಿದ ದಿನವೂ ಟೆರೇಸಿನ ಗಾಳಿಗೆ ಅಂಗಿ ಒಣಗುತ್ತದೆ. ಅಲ್ಲಿ ಮೂರು ದಿನ ನೇತುಹಾಕಿದರೂ ತಣ್ಣಗೇ ಇರುತ್ತದೆ. ಹಳೆಯ ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಬಚ್ಚಲ ಒಲೆಯೇ ಗತಿ. ಹಂಡೆಯ ಕೆಳಗೆ ಬೆಂಕಿ ಆರದ ಹಾಗೆ ನೋಡಿಕೊಂಡು, ಮೇಲೆ ಅಡ್ಡ ಕಟ್ಟಿದ ಬಿದಿರು ಗಳುವಿಗೆ ಬಟ್ಟೆ ಹರವುತ್ತಾರೆ. ಒಣಗಿದ ಲಂಗ, ಪಂಚೆ, ಮಕ್ಕಳ ಯೂನಿಫಾರ್ಮು ಎಲ್ಲಕ್ಕೂ ಒಂದೇ ಹೊಗೆ ವಾಸನೆ. ಹೋಮ್‌ಸ್ಟೇ ಕಾದಿರಿಸುವಾಗ ವೈಫೈ ಇದೆಯಾ ಅಂತ ಕೇಳುವ ಮೊದಲು ಬಟ್ಟೆ ಒಣಗಿಸಲು ಒಲೆಯ ಜಾಗ ಇದೆಯಾ ಅಂತ ಕೇಳುವುದು ಜಾಣತನ.

ಇನ್ನು ಬಟ್ಟೆ. ಹತ್ತಿ ಬಟ್ಟೆಯ ಮೇಲೆ ನಮಗಿರುವ ಪ್ರೀತಿ ಸರಿಯಾದದ್ದೇ, ಬೇಸಿಗೆಯಲ್ಲಿ. ಹತ್ತಿಯ ಎಳೆ ನೀರನ್ನು ತನ್ನೊಳಕ್ಕೇ ಹೀರಿಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು 8 ಶೇಕಡಾ ತೇವ ಅದರಲ್ಲಿರುತ್ತದೆ. ಪಾಲಿಯೆಸ್ಟರಿನಲ್ಲಿ ಅರ್ಧ ಶೇಕಡಾವೂ ಇಲ್ಲ. ಪಾಲಿಯೆಸ್ಟರ್ ಒದ್ದೆಯಾದಾಗ ನೀರು ಎಳೆಗಳ ನಡುವೆ ನಿಂತಿರುತ್ತದೆ ಅಷ್ಟೆ, ಹಿಂಡಿ ಕೊಡವಿದರೆ ಬಹುಪಾಲು ಹೋಯಿತು. ಉಣ್ಣೆಯದು ಬೇರೆಯೇ ಜಾತಿ. ಹತ್ತಿಗಿಂತ ಹೆಚ್ಚು, ಸುಮಾರು 16 ಶೇಕಡಾ ತೇವ ಹೀರಿಯೂ ಅದರ ಸುರುಳಿ ಎಳೆಗಳು ಮೈಗೆ ಅಂಟದೆ ಗಾಳಿಯನ್ನು ಉಳಿಸಿಕೊಳ್ಳುತ್ತವೆ. ಗದ್ದೆಯಲ್ಲಿ ದಿನವಿಡೀ ನೆನೆಯುವವರು ಕಂಬಳಿ ಕೊಪ್ಪೆ ಹಾಕುತ್ತಿದ್ದುದು ಬೇರೇನೂ ಸಿಗದೆ ಅಲ್ಲ.

ಜೀನ್ಸ್ ಬಗ್ಗೆ ನನಗೆ ಕರುಣೆಯೇ ಇಲ್ಲ. ದಪ್ಪ ಹತ್ತಿ, ಒತ್ತು ನೇಯ್ಗೆ. ನೆನೆದರೆ ಭಾರ, ಮೊಣಕಾಲಿಗೆ ಅಂಟಿ ಹೆಜ್ಜೆ ಎತ್ತಲು ಬಿಡುವುದಿಲ್ಲ, ತೊಡೆ ಉಜ್ಜಿ ಉರಿ. ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಜೀನ್ಸ್, ಒಂದು ಟ್ರ್ಯಾಕ್ ಪ್ಯಾಂಟ್ ಎರಡನ್ನೂ ನೆನೆಸಿ, ಕೈಯಲ್ಲಿ ಹಿಂಡಿ, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ರಾತ್ರಿ ನೇತುಹಾಕಿ. ಬೆಳಿಗ್ಗೆ ಎರಡರ ಸೊಂಟಪಟ್ಟಿಯನ್ನೂ ಮುಟ್ಟಿ ನೋಡಿ. ಬೆಳಿಗ್ಗೆಗೆ ಒಣಗದ್ದು ಬ್ಯಾಗಿಗೆ ಬೇಡ.

ಎಷ್ಟು ಜೊತೆ ಬಟ್ಟೆ? ಎರಡು ರಾತ್ರಿಗೆ ಐದು ಜೊತೆ ತುಂಬಿಕೊಂಡು ಹೋದವರ ಐದೂ ಜೊತೆ ಒದ್ದೆಯಾಗುವುದನ್ನು ನೋಡಿದ್ದೇನೆ. ಹೆಚ್ಚು ಬಟ್ಟೆ ಇದ್ದರೆ ಶಿಸ್ತು ಹೋಗುತ್ತದೆ, ಅಷ್ಟೆ. ಹಗಲು ತಿರುಗಾಟಕ್ಕೆ ಒಂದು ಜೊತೆ, ನೆನೆಯುವುದಕ್ಕೇ ಇಟ್ಟದ್ದು. ರಾತ್ರಿಗೆ ಒಂದು ಜೊತೆ, ಅದು ಮಡಿ. ಅಜ್ಜಿಯ ಮಡಿ ಬಟ್ಟೆಯನ್ನು ಮುಟ್ಟಲು ಹೇಗೆ ಹೆದರುತ್ತಿದ್ದೆವೋ ಈ ಒಣಬಟ್ಟೆಯ ವಿಷಯದಲ್ಲೂ ಅದೇ ಭಯ ಇರಲಿ: ಸೂರಿನ ಕೆಳಗೆ ಬಂದು, ಮೈ ಒರೆಸಿ, ಆಮೇಲಷ್ಟೇ ಅದನ್ನು ಮುಟ್ಟುವುದು, ಅದನ್ನು ಹಾಕಿಕೊಂಡು ‘ಸುಮ್ಮನೆ ಅಂಗಳದ ತನಕ’ ಕೂಡ ಇಳಿಯುವುದಿಲ್ಲ. ಬೆಳಿಗ್ಗೆ ಮತ್ತೆ ಆ ತಣ್ಣನೆಯ ಒದ್ದೆ ಜೊತೆಯನ್ನೇ ಹಾಕಿಕೊಳ್ಳಬೇಕು. ಮೊದಲ ಐದು ನಿಮಿಷ ಜೀವ ಹೋದ ಹಾಗಾಗುತ್ತದೆ, ನಿಜ. ನಡೆಯಲು ಶುರುಮಾಡಿದರೆ ಮೈಶಾಖಕ್ಕೆ ಸರಿಹೋಗುತ್ತದೆ. ಮೂರನೆಯ ಜೊತೆ ತಂದಿದ್ದರೆ ಅದು ವಾಪಸ್ ಪ್ರಯಾಣಕ್ಕೆ. ಕಾರಿನಲ್ಲೇ ಇರಲಿ, ಹೊರಗೆ ತೆಗೆಯಬೇಡಿ. ಒಳಉಡುಪು, ಕಾಲುಚೀಲದಲ್ಲಿ ಮಾತ್ರ ಜಿಪುಣತನ ಬೇಡ. ಟವೆಲ್ಲಿಗೆ ಬದಲು ತೆಳು ಪಂಚೆಯೋ ಕೇರಳದ ತೋರ್ತುವೋ ಒಯ್ಯಿರಿ. ಒದ್ದೆ ಅಂಗಿಯನ್ನು ಒಣ ಪಂಚೆಯಲ್ಲಿ ಸುತ್ತಿ ಇಬ್ಬರು ಎರಡು ತುದಿ ಹಿಡಿದು ತಿರುಚಿದರೆ ಕೈಯಲ್ಲಿ ಹಿಂಡಿದ್ದಕ್ಕಿಂತ ಎಷ್ಟೋ ಹೆಚ್ಚು ನೀರು ಹೊರಬರುತ್ತದೆ.

ರೇನ್‌ಕೋಟು ಕೊಳ್ಳಲು ಚಿಕ್ಕಪೇಟೆಗೆ ಹೋಗಿ, ಮಾಲಿಗೆ ಹೋಗಿ, ಡೆಕಥ್ಲಾನ್‌ಗೆ ಹೋಗಿ. ಚೀಟಿಯ ಮೇಲೆ ಎರಡು ಬಗೆಯ ಮಾತು ಬರೆದಿರುತ್ತದೆ. ‘ವಾಟರ್ ರೆಸಿಸ್ಟೆಂಟ್’ ಎಂದರೆ ಸ್ವಲ್ಪ ಹೊತ್ತಿನ ತುಂತುರು ತಡೆಯುತ್ತೇನೆ ಅಂತ. ‘ವಾಟರ್‌ಪ್ರೂಫ್’ ಎಂದಿದ್ದರೆ ಜೊತೆಗೆ 2,000 ಮಿ.ಮೀ., 5,000 ಮಿ.ಮೀ., 10,000 ಮಿ.ಮೀ. ಎಂಬ ಅಂಕಿ ಇರಬೇಕು. ಇದು ಮಳೆಯ ಅಳತೆ ಅಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಅದರ ಒತ್ತಡ ತಾಳದೆ ಬಟ್ಟೆ ಜಿನುಗುತ್ತದೆ ಎಂದು ನೋಡಿದ ಲೆಕ್ಕ. ಬೀಳುವ ಹನಿಗೆ ಕಡಿಮೆ ಅಂಕಿಯೂ ಸಾಕು. ಆದರೆ ಬ್ಯಾಗಿನ ಪಟ್ಟಿ ಒತ್ತುವ ಹೆಗಲು, ಒದ್ದೆ ಬಂಡೆಯ ಮೇಲೆ ಕೂತಾಗಿನ ಹಿಂಬದಿ, ಸ್ಕೂಟರಿನಲ್ಲಿ ಎದುರು ಗಾಳಿ ಗುದ್ದುವ ಎದೆ, ಇಲ್ಲೆಲ್ಲ ಒತ್ತಡ ಹೆಚ್ಚು. ಅಂಕಿ ನೋಡಿದ ಮೇಲೆ ಕೋಟನ್ನು ಒಳಹೊರಗು ಮಾಡಿ ಹೊಲಿಗೆ ನೋಡಿ. ಸೂಜಿ ಚುಚ್ಚಿದ ಪ್ರತಿ ತೂತೂ ನೀರಿಗೆ ಬಾಗಿಲು. ಹೊಲಿಗೆಯ ಉದ್ದಕ್ಕೂ ಒಳಗಡೆ ಪಾರದರ್ಶಕ ಟೇಪು ಅಂಟಿಸಿದ್ದರೆ ಸರಿ. ಟೇಪಿಲ್ಲದ ಕೋಟಿಗೆ ಯಾವ ಅಂಕಿ ಬರೆದಿದ್ದರೂ ಹೆಗಲ ಮೇಲಿನ ಹೊಲಿಗೆಯಿಂದ ನೀರು ಇಳಿದೇ ಇಳಿಯುತ್ತದೆ.

ಇನ್ನೂ ದುಬಾರಿ ಕೋಟುಗಳು ‘ಬ್ರೀದಬಲ್’ ಎನ್ನುತ್ತವೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಕಡ್ಡಿಯನ್ನು ಬಿಸಿಮಾಡಿ ರಪ್ಪನೆ ಎಳೆದಾಗ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಹುಟ್ಟಿಕೊಂಡವು. ನೀರಿನ ಹನಿ ದಾಟಲಾರದಷ್ಟು ಸಣ್ಣವು, ಬೆವರಿನ ಆವಿ ದಾಟುವಷ್ಟು ದೊಡ್ಡವು. ಗೋರ್‌ಟೆಕ್ಸ್ ಬಂದದ್ದು ಹೀಗೆ. ವಿದ್ಯೆ ನಿಜವಾದದ್ದೇ, ಆದರೆ ಆವಿ ಹೊರಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆ ಇರಬೇಕು. ಚಳಿಯ, ಒಣಗಾಳಿಯ ಪರ್ವತಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಇಪ್ಪತ್ತೆರಡು ಡಿಗ್ರಿ ಬೆಚ್ಚನೆಯ, ತೇವದಿಂದ ತುಂಬಿ ತುಳುಕುವ ಪಶ್ಚಿಮಘಟ್ಟದ ಕಾಡಿನಲ್ಲಿ ಗುಡ್ಡ ಹತ್ತುತ್ತಿದ್ದರೆ ಹನ್ನೆರಡು ಸಾವಿರ ರೂಪಾಯಿಯ ಕೋಟಿನೊಳಗೂ ಬೆವರಿಂದ ನೆನೆಯುತ್ತೀರಿ. ನನ್ನ ಓಟು ತಲೆ ತೂರಿಸಿ ಹಾಕಿಕೊಳ್ಳುವ ಸಡಿಲವಾದ ಪಾಂಚೋಗೆ. ಬ್ಯಾಗಿನ ಮೇಲೂ ಇಳಿಬಿಡಬಹುದು, ಕೆಳಗಿನಿಂದ ಗಾಳಿ ಆಡುತ್ತದೆ, ಕೆಸರಾದರೆ ನಲ್ಲಿ ಕೆಳಗೆ ಹಿಡಿದರಾಯಿತು. ತಲೆಯಿಂದ ಬೆನ್ನಿಗೆ ಇಳಿಯುವ ಮಲೆನಾಡಿನ ಗೊರಬು, ಗೊಬ್ಬರದ ಚೀಲದ ಮೂಲೆ ಒಳಕ್ಕೆ ಮಡಿಸಿ ತಲೆಗೇರಿಸುವ ಕೊಪ್ಪೆ ಎಲ್ಲ ಇದೇ ವಿನ್ಯಾಸ: ಮೇಲೆ ಮುಚ್ಚು, ಬದಿ ತೆರೆ.

ಕೊಡೆ ಬೇಕೇ? ಊರೊಳಗೆ ಬೇಕು. ಉದ್ದ ಕೋಲಿನ, ಬಾಗಿದ ಹಿಡಿಯ ಹಳೆ ಮಾದರಿಯದ್ದೇ ಆಗಬೇಕು. ಹ್ಯಾಂಡ್‌ಬ್ಯಾಗಿನ ಮೂರು ಮಡಿಕೆಯ ಕೊಡೆ ಘಟ್ಟದ ಮೊದಲ ಗಾಳಿಗೆ ಮಗುಚಿ ಬಟ್ಟಲಾಗುತ್ತದೆ. ಬಯಲು ಗುಡ್ಡದ ನೆತ್ತಿಯಲ್ಲಿ ಯಾವ ಕೊಡೆಯೂ ಬೇಡ. ಗುಡುಗು ಕೇಳಿದರೆ ನೆತ್ತಿಯೇ ಬೇಡ, ಇಳಿಯಿರಿ.

ಕಾಲಿನ ವಿಷಯಕ್ಕೆ ಬಂದರೆ ಇಲ್ಲಿ ಎಲ್ಲರೂ ದುಡ್ಡನ್ನು ತಪ್ಪು ಕಡೆ ಸುರಿಯುತ್ತಾರೆ. ವಾಟರ್‌ಪ್ರೂಫ್ ಶೂ ತಂದವರಿಗೆ ಮೊದಲ ಹಳ್ಳ ದಾಟುವವರೆಗೆ ಮಾತ್ರ ಖುಷಿ. ಮೇಲಿನಿಂದ ನೀರು ಒಳಹೊಕ್ಕಿತೆಂದರೆ ಅದೇ ವಾಟರ್‌ಪ್ರೂಫ್ ಗುಣ ನೀರನ್ನು ಹೊರಬಿಡುವುದಿಲ್ಲ. ನೀರು ಬರಲಿ, ಹೋಗಲಿ ಅನ್ನುವ ಜಾಲರಿ ಮೈಯ ಶೂ ಅಥವಾ ಹಿಂದೆ ಪಟ್ಟಿಯಿರುವ ಗಟ್ಟಿ ಸ್ಯಾಂಡಲ್ ವಾಸಿ. ಅಟ್ಟೆ ಮಾತ್ರ ಸವೆದಿರಬಾರದು, ಯಾಕೆಂದರೆ ಬಂಡೆ, ಮೆಟ್ಟಿಲು, ಅಂಗಳ ಎಲ್ಲದರ ಮೇಲೂ ಹಾವಸೆ ಕಟ್ಟಿರುತ್ತದೆ. ಮಲೆನಾಡಿನವರು ಅಂಗಳಕ್ಕೆ ಅಡಿಕೆ ಮರ ಸೀಳಿ ಹಾಸುವುದು ಅಲಂಕಾರಕ್ಕಲ್ಲ. ಹವಾಯಿ ಚಪ್ಪಲಿ ಮನೆಯೊಳಗೆ ಸರಿ. ಹೊರಗೆ ಹಾಕಿದರೆ ಬೆನ್ನಿನವರೆಗೆ ಕೆಸರಿನ ಚುಕ್ಕಿ. ದಿನವಿಡೀ ನೆನೆದ ಕಾಲ್ಬೆರಳ ಸಂದಿ ಬೆಳ್ಳಗೆ ಬೆಂದು ಬಿರಿಯುವುದನ್ನು ಗದ್ದೆ ಕೆಲಸದವರು ಕೆಸರುಹುಣ್ಣು ಎನ್ನುತ್ತಾರೆ. ಔಷಧಕ್ಕಿಂತ ಮುಂಜಾಗ್ರತೆ ಸುಲಭ: ರಾತ್ರಿ ಕಾಲು ತೊಳೆದು, ಬೆರಳ ಸಂದಿ ಪೂರ್ತಿ ಒರೆಸಿ, ಒಣ ಕಾಲುಚೀಲ ಹಾಕಿ ಮಲಗುವುದು. ಬೆಳಿಗ್ಗೆ ಹೊರಡುವಾಗ ತೆಳುವಾಗಿ ಕೊಬ್ಬರಿ ಎಣ್ಣೆ. ಶೂ ಒಳಗೆ ಹಳೆ ಪತ್ರಿಕೆ ಉಂಡೆ ಮಾಡಿ ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಿಸಿ. ಹಾಗಾಗಿ ಒಂದೆರಡು ದಿನದ ಪೇಪರೂ ಬ್ಯಾಗಿನ ಸಾಮಾನೇ.

ಬ್ಯಾಗಿಗೆ ಹೊರಗಿನಿಂದ ಕವರ್ ಹಾಕುವುದನ್ನು ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ. ನಿಮ್ಮ ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಗೆ. ಕೆಳಗೆ ಕವರಿನ ತಳದಲ್ಲಿ ನಿಂತು, ಬ್ಯಾಗು ಅದರಲ್ಲೇ ಮುಳುಗಿರುತ್ತದೆ. ಮುಚ್ಚಬೇಕಾದದ್ದು ಒಳಗಡೆ. ಬಾಯಿ ಸುರುಳಿ ಸುತ್ತಿ ಕಟ್ಟುವ ಡ್ರೈಬ್ಯಾಗ್ ಒಂದಿದ್ದರೆ ಮಡಿ ಬಟ್ಟೆ, ಹೊದಿಕೆ ಅದರಲ್ಲಿ. ಅದಿಲ್ಲದಿದ್ದರೆ ಗಟ್ಟಿಯಾದ, ಮತ್ತೆ ಮತ್ತೆ ಬಳಸುವ ದೊಡ್ಡ ಚೀಲ. ತೆಳು ಪ್ಲಾಸ್ಟಿಕ್ ಕವರ್ ಬೇಡ. ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧವಿದೆ, ಜೊತೆಗೆ ಅದು ಹರಿದೂ ಹೋಗುತ್ತದೆ. ರಾತ್ರಿ ಬಸ್ಸಿನಲ್ಲಿ ಹೋಗುವವರು ಇದನ್ನು ಮೆಜೆಸ್ಟಿಕ್‌ನಲ್ಲೇ ಮಾಡಿ ಮುಗಿಸಿ, ಬಸ್ಸಿನ ಡಿಕ್ಕಿಗೆ ನೀರು ನುಗ್ಗಿ ಊರು ತಲುಪುವ ಮೊದಲೇ ಸೂಟ್‌ಕೇಸು ತೊಯ್ದಿರುವುದುಂಟು.

ಇಂಬಳ, ಅಂದರೆ ನೆಲದ ಜಿಗಣೆ. ಬೆಂಗಳೂರಿನವರು ಮಳೆಗಿಂತ ಹೆಚ್ಚು ಹೆದರುವುದು ಇದಕ್ಕೆ. ನೆಲದ ಕಂಪನ, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳ ಜಾಡು ಹಿಡಿದು ಎಲೆಯ ತುದಿಯಲ್ಲಿ ನಿಂತು ತೂಗುತ್ತಿರುತ್ತದೆ. ಕಚ್ಚಿದಾಗ ನೋವಿಲ್ಲ, ವಿಷವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಡುವುದರಿಂದ ಬಿಟ್ಟುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಗಾಬರಿ ಬೇಡ. ತೆಗೆಯುವುದು ಸುಲಭ: ಸಪೂರ ತುದಿಯ ಬಾಯಿಯ ಕೆಳಗೆ ಉಗುರು ತೂರಿಸಿ ಸರಿಸಿ. ಕಚ್ಚಿಕೊಂಡಿರುವಾಗಲೇ ಉಪ್ಪು ಸುರಿದರೆ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಿಬಿಡಬಹುದು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ ಶೂಗೆ, ಪ್ಯಾಂಟಿನ ಅಂಚಿಗೆ ಹಚ್ಚಲು. ಮಳೆಯಲ್ಲಿ ತೊಳೆದುಹೋಗುತ್ತದೆ, ಮತ್ತೆ ಹಚ್ಚುತ್ತಿರಬೇಕು. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿಬಿಟ್ಟರೆ ಮುಕ್ಕಾಲು ತಲೆನೋವು ಮುಗಿದಂತೆ.

ಕರೆಂಟು ಹೋಗುತ್ತದೆ, ಟವರ್ ಹೋಗುತ್ತದೆ. ಟಾರ್ಚು, ಪವರ್ ಬ್ಯಾಂಕ್, ಒಂದಿಷ್ಟು ನಗದು ಇರಲಿ. ಫೋನಿನ ಚಾರ್ಜಿಂಗ್ ತೂತು ಒದ್ದೆ ಇರುವಾಗ ಕೇಬಲ್ ಚುಚ್ಚಬೇಡಿ. ಎಸಿ ಕಾರಿನಿಂದ ಕ್ಯಾಮೆರಾ ಹೊರತೆಗೆದ ತಕ್ಷಣ ಲೆನ್ಸ್ ಮಂಜಾದರೆ ಒರೆಸುತ್ತ ಕೂರದೆ ಹತ್ತು ನಿಮಿಷ ಬಿಡಿ, ಗಾಜು ಹೊರಗಿನಷ್ಟೇ ಬೆಚ್ಚಗಾದರೆ ತಾನೇ ಹೋಗುತ್ತದೆ.

ಮಾತ್ರೆಗಳ ಲೆಕ್ಕ ಮಾತ್ರ ಬಟ್ಟೆಗೆ ವಿರುದ್ಧ, ಇಲ್ಲಿ ಧಾರಾಳವಾಗಿರಿ. ಬಿಪಿ, ಶುಗರ್, ಥೈರಾಯ್ಡ್ ಯಾವುದೇ ಇರಲಿ, ಪ್ರವಾಸದ ದಿನಗಳಿಗಿಂತ ಕನಿಷ್ಠ ಎರಡು ದಿನಕ್ಕೆ ಹೆಚ್ಚು ಇಟ್ಟುಕೊಳ್ಳಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಮಳೆಗಾಲದ ಮಾಮೂಲಿ ಸುದ್ದಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ಯಾರಿಗೂ ಮರೆತಿಲ್ಲ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣ ನೋಡಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಬಣ್ಣ ಕೆಂಪಿದ್ದರೆ ಬ್ಯಾಗು ಕಟ್ಟುವ ಪ್ರಶ್ನೆಯೇ ಇಲ್ಲ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಹೋಗುವ ಊರಿನ ಮಳೆಯ ಬಗ್ಗೆ ಕನ್ನಡದಲ್ಲೇ ಕೇಳಬಹುದು. ಫೋನಿನ ಆ್ಯಪ್‌ನಲ್ಲಿ ಕಾಣುವ ಮೋಡದ ಚಿತ್ರಕ್ಕಿಂತ ಅದು ಮೇಲು.

ಇಷ್ಟೂ ಹೇಳಿದ್ದು ಬೆಟ್ಟದ ಪಶ್ಚಿಮ ಮಗ್ಗುಲಿಗೆ. ಚಿಕ್ಕಮಗಳೂರಿನ ಕಡೆ ಹೋಗುವವರಿಗೆ ಒಂದು ತೆಳು ಉಣ್ಣೆ ಅಥವಾ ಫ್ಲೀಸ್ ಅಂಗಿಯೂ ಸೇರಲಿ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್, ಅಂದರೆ ಬೆಂಗಳೂರಿಗಿಂತ ಒಂದು ಕಿಲೋಮೀಟರ್ ಮೇಲೆ; ಕಿಲೋಮೀಟರಿಗೆ ಸುಮಾರು 6 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ, ಜೊತೆಗೆ ಮಂಜು, ನೂಕುವ ಗಾಳಿ. ಕಡೂರು ದಾಟುವಾಗ ಕನ್ನಡಕ ಬೇಕೆನಿಸುವ ಬಿಸಿಲು ಇರಬಹುದು. ಒಂದೇ ದಿನದಲ್ಲಿ ಇವೆರಡೂ ಸಿಗುವುದರಿಂದ ಒಂದು ದಪ್ಪ ಜಾಕೆಟ್ಟಿಗಿಂತ ಬನಿಯನ್, ಫ್ಲೀಸ್, ಪಾಂಚೋ ಎಂದು ಒಂದರ ಮೇಲೊಂದು ಹಾಕಿ ತೆಗೆಯುವ ಏರ್ಪಾಡು ಒಳ್ಳೆಯದು. ಹತ್ತುವಾಗ ಫ್ಲೀಸ್ ಬ್ಯಾಗಿನಲ್ಲಿರಲಿ, ಬೆವರಲ್ಲಿ ನೆನೆಸಬೇಡಿ, ನಿಂತಾಗ ಹಾಕಿಕೊಳ್ಳಿ.

ಬೆಂಗಳೂರಿಗೆ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಬ್ಯಾಗು ಬಿಚ್ಚಿ ಎಲ್ಲವನ್ನೂ ಹರವಿ. ಚರ್ಮದ ಬೆಲ್ಟು, ಪರ್ಸಿನ ಮೇಲೆ ಬೂಷ್ಟು ಹಿಡಿಯಲು ಎರಡು ಮೂರು ದಿನ ಸಾಕು. ಪಾಂಚೋ, ರೇನ್‌ಕೋಟನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ನೀರಹನಿಯನ್ನು ಮುತ್ತಾಗಿ ಉರುಳಿಸುವ ಮೇಲ್ಪದರ ಅದರಿಂದ ಕೆಡುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಮಡಿಸಿ ಒತ್ತಿಡುವ ಬದಲು ಹ್ಯಾಂಗರಿಗೆ ಹಾಕಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಅದು ಮುಂದಿನ ವರ್ಷ ಸೋರುತ್ತದೆ.